ಕಡ್ಡಿ ಚುಚ್ಚಿದ ಸಗಣಿ

ಹಂಸ ಆ ಶುಕ್ರವಾರ ಮಾಡಿದ್ದು ಕಳ್ಳತನ ಅನ್ನುವುದು ಅವಳಿಗೆ ಗೊತ್ತಾಗಲು ಹದಿನೆಂಟು ದಿನ ಹಿಡಿಯಿತು. ಊರಿಗೆ ಮಾತ್ರ ಅವತ್ತೇ, ಬಿಸಿಲು ನೆತ್ತಿಗೇರುವ ಮೊದಲೇ ಗೊತ್ತಾಗಿತ್ತು.

ಎರಡು ಸಾವಿರದ ಒಂದನೇ ಇಸವಿ, ಸಂಕ್ರಾಂತಿ ಕಳೆದು ಐದನೇ ದಿನ. ಹಂಸ ಹೊಳೆನರಸೀಪುರದ ದೇವಸ್ಥಾನದ ಬೀದಿಯವಳು. ತಂದೆ ವರದರಾಜ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿ ನಿವೃತ್ತರಾದವರು. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತಿದ್ದವಳಿಗೆ ಜಲಾನಯನ ಯೋಜನೆಯೊಂದರಲ್ಲಿ ಹನ್ನೊಂದು ತಿಂಗಳ ಕೆಲಸ ಸಿಕ್ಕಿತ್ತು. ಹಳೇಕೋಟೆಯಿಂದ ಎರಡು ಮೈಲಿ ಒಳಗಿರುವ ಮಾಳೇನಹಳ್ಳಿಯ ಹೆಂಗಸರಿಗೆ ದನದ ಸಗಣಿಯಿಂದ ಎರೆಗೊಬ್ಬರ ಮಾಡುವುದನ್ನು ಹೇಳಿಕೊಡುವ ಕೆಲಸ. ನಾಲ್ಕು ಜನರೆದುರು ಬಾಯಿ ತೆರೆದರೆ ಕಿವಿ ಕೆಂಪಾಗುವ ಹುಡುಗಿಗೆ ಹೇಳಿಕೊಡುವ ಕೆಲಸವೇ ಯಾಕೆ ಸಿಕ್ಕಿತೋ, ಕೊಟ್ಟವರನ್ನೇ ಕೇಳಬೇಕು.

ಯೋಜನೆಯ ನಿಯಮ ಸರಳವಾಗಿತ್ತು. ಹತ್ತು ಜನ ಹೆಂಗಸರ ಸಂಘ ಇರಬೇಕು. ಒಬ್ಬೊಬ್ಬರಿಗೂ ಕಡೇಪಕ್ಷ ಎರಡು ದನ ಇರಬೇಕು. ಊರಿನ ರೈತ ರಾಮಣ್ಣನ ಕೊಟ್ಟಿಗೆಯ ಪಕ್ಕದಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ಕಟ್ಟಿಸಿದ್ದ ಮಾದರಿ ತೊಟ್ಟಿಯಲ್ಲಿ ಗೊಬ್ಬರ ಮಾಡಿ ತೋರಿಸಬೇಕು. ಶಿವರಾತ್ರಿ ಕಳೆದ ಬುಧವಾರ ಹಾಸನದಿಂದ ಈಶ್ವರಯ್ಯ ಎಂಬ ಅಧಿಕಾರಿ ಬಂದು, ಹತ್ತು ಜನರನ್ನೂ ಎದುರಿಗೆ ಕೂರಿಸಿಕೊಂಡು ಪಟ್ಟಿಗೆ ಸಹಿ ಹಾಕಿದರೆ ಹತ್ತು ಹಿತ್ತಿಲಲ್ಲಿ ಹತ್ತು ತೊಟ್ಟಿ ಏಳುತ್ತವೆ. ಹತ್ತರಲ್ಲಿ ಒಂದು ತಲೆ ಕಡಿಮೆಯಾದರೂ ಯೋಜನೆ ಬೇರೆ ಊರಿಗೆ ಹೋಗುತ್ತದೆ, ಹಂಸ ಮನೆಗೆ ಹೋಗುತ್ತಾಳೆ.

ಆ ಶುಕ್ರವಾರ ಹಂಸ ಹಾಸನದಿಂದ ಬಂದ ಎರೆಹುಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಹುಳುಗಳಿಗೆ ಹಸಿ ಸಗಣಿ ಆಗುವುದಿಲ್ಲ, ಅದರ ಕಾವಿಗೇ ಸತ್ತುಹೋಗುತ್ತವೆ. ಎರಡು ಮೂರು ದಿನ ಗಾಳಿಯಾಡಿದ ಸಗಣಿ ಬೇಕು. ಮನೆಗೊಂದು ಮಂಕರಿ ಕೊಡುತ್ತೇವೆಂದು ಹೆಂಗಸರೆಲ್ಲ ಹೇಳಿದ್ದರು. ಸಂಘದ ಮುಂದಾಳು ಹೊನ್ನಕ್ಕನ ಬಾಗಿಲಿಗೆ ಹೋದರೆ, ಹೊನ್ನಕ್ಕ ಹೊಸ್ತಿಲಿಗೆ ಅರಿಸಿನ ಹಚ್ಚುತ್ತ ಕೂತಿದ್ದಳು.

“ಹೊನ್ನಕ್ಕ, ಹುಳ ಬಂದಿವೆ. ಸಗಣಿ ಬೇಕಾಗಿತ್ತು.”

“ಇವತ್ತು ಸುಕ್ರವಾರ ಕಣ್ ಮೇಡಮ್ಮೋರೆ.”

“ಹೌದು.”

“ಸುಕ್ರವಾರ ಯಾರಾದ್ರೂ ಮನೆಯಿಂದ ಸಗಣಿ ಆಚೆಗೆ ಕೊಟ್ಟಾರಾ? ಲಕ್ಸ್ಮೀನ ಮಂಕ್ರೀಲಿ ತುಂಬಿ ಕಳಿಸ್ದಂಗಾಯ್ತದೆ. ನಾಳೀಕೆ ಬನ್ನಿ, ಒಂದಕ್ಕೆ ಎಲ್ಡು ಮಂಕ್ರಿ ಕೊಡ್ತೀನಿ.”

ನಾಳೆಯ ಹೊತ್ತಿಗೆ ಹುಳುಗಳು ಉಳಿಯುವುದಿಲ್ಲ ಎಂದು ಹೇಳಬೇಕೆಂದುಕೊಂಡಳು. ಆದರೆ “ಆಯ್ತು” ಎಂದು ಬಂದಳು. ಇನ್ನೆರಡು ಮನೆಗೆ ಹೋಗಿ ನೋಡಿದಳು. ಅಲ್ಲೂ ಶುಕ್ರವಾರವೇ ಆಗಿತ್ತು.

ಚಪ್ಪರದ ಕೆಳಗೆ ಗೋಣಿ ಬಿಚ್ಚಿದರೆ ಹುಳುಗಳು ಒಂದನ್ನೊಂದು ತಬ್ಬಿ ಉಂಡೆಗಟ್ಟಿದ್ದವು. ಆಗ ಅವಳಿಗೆ ಕೆರೆ ಏರಿಯ ಕಡೆ ಹೋಗುವ ಬಂಡಿದಾರಿ ನೆನಪಾಯಿತು. ಊರ ದನಗಳೆಲ್ಲ ದಿನಾ ಆ ದಾರಿಯಲ್ಲೇ ಮೇಯಲು ಹೋಗುವುದು. ದಾರಿಯಲ್ಲಿ ಬಿದ್ದದ್ದು ಯಾರ ಮನೆಯ ಲಕ್ಷ್ಮಿಯೂ ಅಲ್ಲವಲ್ಲ. ರಾಮಣ್ಣನ ಮಂಕರಿ ತೆಗೆದುಕೊಂಡು ಹೊರಟಳು.

ದಾರಿಯುದ್ದಕ್ಕೂ ಸಗಣಿಯ ತೊಪ್ಪೆಗಳಿದ್ದವು. ಮೇಲೆ ಸಿಪ್ಪೆಗಟ್ಟಿ, ಒಳಗೆ ತೇವ ಉಳಿಸಿಕೊಂಡು, ಪುಸ್ತಕದಲ್ಲಿ ಬರೆದ ಹದಕ್ಕೇ ಬಂದಿದ್ದವು. ಕೆಲವದರ ನೆತ್ತಿಯ ಮೇಲೆ ಒಂದೊಂದು ಲಕ್ಕಿಗಿಡದ ಕಡ್ಡಿ ಚುಚ್ಚಿತ್ತು, ಬಾಡಿದ ಎರಡೆಲೆಗಳ ಸಮೇತ. ಮಕ್ಕಳು ಆಡಿಕೊಂಡಿರಬೇಕು ಎಂದುಕೊಂಡಳು. ಕಡ್ಡಿಯಿಲ್ಲದವು ಆ ಬೆಳಿಗ್ಗೆಯವು, ಇನ್ನೂ ಹಸಿ. ಕಡ್ಡಿಯಿರುವವೇ ಅವಳಿಗೆ ಬೇಕಾದ ಹದದವು. ಮಕ್ಕಳ ಆಟ ಕೆಡಿಸಲು ಮನಸ್ಸು ಬಾರದೆ ಕಡ್ಡಿಗಳನ್ನು ಒಂದೊಂದಾಗಿ ಕಿತ್ತು, ಬೇಲಿಯ ಬುಡದಲ್ಲಿ ಸಾಲಾಗಿ ಜೋಡಿಸಿಟ್ಟಳು. ಒಟ್ಟು ಹದಿನೇಳು. ಮೂರು ಸಲ ಮಂಕರಿ ಹೊತ್ತು ಓಡಾಡಿದಳು. ಕಣದಲ್ಲಿ ರಾಗಿ ತೂರುತ್ತಿದ್ದವರು ಮೊರ ಹಿಡಿದಂತೆಯೇ ನಿಂತು ನೋಡಿದರು. ತನ್ನ ಕಷ್ಟ ಕಂಡು ಮೆಚ್ಚಿದ್ದಾರೆ ಎಂದುಕೊಂಡು ಹಂಸ ಅವರತ್ತ ನಕ್ಕಳು. ಅವರು ನಗಲಿಲ್ಲ.

ಒಣ ಎಲೆ, ತೆಂಗಿನ ನಾರು, ಸಗಣಿ, ಅದರ ಮೇಲೆ ಹುಳು, ಅದರ ಮೇಲೆ ಒದ್ದೆ ಗೋಣಿ. ಹೊತ್ತು ಇಳಿಯುವುದರೊಳಗೆ ಹುಳುಗಳು ಒಂದೂ ಕಾಣದಂತೆ ಒಳಗಿಳಿದುಹೋದವು. ಅವಳು ಕೆಲಸಕ್ಕೆ ಸೇರಿದ ಮೇಲೆ ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ತಾನೇ ಮಾಡಿ ಮುಗಿಸಿದ ಮೊದಲ ಕೆಲಸ ಅದು. ಬಸ್ಸಿನಲ್ಲಿ ಉಗುರಿನ ಸಂದಿಯ ಹಸಿರು ಕಲೆಯನ್ನು ನೋಡಿಕೊಂಡು ಖುಷಿಯಾಗಿ ಮನೆಗೆ ಹೋದಳು.

ಮಂಗಳವಾರ ಸಂಘದ ಸಭೆ. ಚಪ್ಪರದ ಕೆಳಗೆ ಚಾಪೆ ಹಾಸಿ, ಹತ್ತು ಜನರಿಗೆ ತೋರಿಸಬೇಕಾದ ಚಿತ್ರಗಳನ್ನು ಗೋಡೆಗೆ ಒರಗಿಸಿ ಹಂಸ ಕಾದಳು. ರಾಮಣ್ಣನ ಕೋಳಿಗಳು ಬಂದವು. ಮತ್ತೆ ಯಾರೂ ಬರಲಿಲ್ಲ.

“ಯಾಕೆ ಯಾರೂ ಬರಲಿಲ್ಲ ರಾಮಣ್ಣನವರೇ?”

“ಬತ್ತಾರೆ ಬುಡಿ, ಎಲ್ಲಿಗೋದಾರು.” ಅವನು ಗೋಣಿ ಎತ್ತಿ ತೊಟ್ಟಿಯೊಳಗೆ ಇಣುಕಿದ. “ಉಳ ಚೆಂದಾಗಿ ಮೇಯ್ತವೆ. ಒಳ್ಳೆ ಕಡೆಯಿಂದ ತಂದಿದ್ದೀರಿ ಮೇವು.” ಹಾಗೆಂದು ಮೀಸೆಯಲ್ಲೇ ನಕ್ಕು ಹೋದ. ಯಾಕೆ ನಕ್ಕನೆಂದು ಹಂಸಳಿಗೆ ತಿಳಿಯಲಿಲ್ಲ.

ಮನೆಮನೆಗೆ ಹೋದಳು. ಯಾರೂ ಮುಖ ತಿರುಗಿಸಲಿಲ್ಲ. ಎಲ್ಲರೂ ಚಾಪೆ ಹಾಕಿದರು. ಒಬ್ಬಳಿಗೆ ಅವರೆಕಾಯಿ ಬಿಡಿಸುವುದಿತ್ತು, ಒಬ್ಬಳಿಗೆ ಸೊಸೆಯ ಸೀಮಂತ, ಒಬ್ಬಳಿಗೆ ಮೊಣಕಾಲು. “ಬತ್ತೀವಿ ಕಣವ್ವ, ನೀನ್ಯಾಕೆ ಯೋಚ್ನೆ ಮಾಡೀಯೆ” ಎಂದರು. ಮುಂದಿನ ಮಂಗಳವಾರವೂ ಕೋಳಿಗಳೇ ಬಂದವು.

ಆ ದಿನಗಳಲ್ಲಿ ಹಂಸಳ ತಲೆಯಲ್ಲಿ ಬೇರೇನೂ ಇರಲಿಲ್ಲ. ತಾನು ಮಾಡಿರಬಹುದಾದ ತಪ್ಪುಗಳನ್ನು ಒಂದೊಂದಾಗಿ ತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. ಮೊದಲ ದಿನ ಗೊತ್ತಿಲ್ಲದೆ ಒರಳುಕಲ್ಲಿನ ಮೇಲೆ ಕೂತಿದ್ದಳು, ಅದಿರಬಹುದೇ? ಹೊನ್ನಕ್ಕನನ್ನು ಹೆಸರು ಹಿಡಿದು ಕರೆದದ್ದೇ? ಆದರೆ ಊರೇ ಹೊನ್ನಕ್ಕ ಅನ್ನುತ್ತದೆ. ಹೊನ್ನಕ್ಕ ಕಾಫಿ ಕೊಟ್ಟಾಗ ಬೇಡ ಅಂದದ್ದೇ? ಸಂಕೋಚಕ್ಕೆ ಬೇಡ ಅಂದಿದ್ದಳು. ಅದನ್ನು ಅವರು ಬ್ರಾಹ್ಮಣರ ಹುಡುಗಿ ನಮ್ಮ ಮನೆಯಲ್ಲಿ ಮುಟ್ಟುವುದಿಲ್ಲ ಎಂದು ತಿಳಿದಿರಬೇಕು. ಹೌದು, ಅದೇ. ಹೊಳೆದ ಕೂಡಲೇ ಸಮಾಧಾನವಾಯಿತು. ಮರುದಿನ ನೇರವಾಗಿ ಹೊನ್ನಕ್ಕನ ನಡುಮನೆಯಲ್ಲಿ ಹೋಗಿ ಕೂತು, ನೆಲ ನೋಡುತ್ತ, “ಒಂದು ಲೋಟ ಕಾಫಿ ಕೊಡ್ತೀರಾ” ಎಂದು ಕೇಳಿದಳು. ಬೆಲ್ಲದ ಕಾಫಿ ಬಂತು. ನಾಲಗೆ ಸುಟ್ಟುಕೊಂಡು ಕುಡಿದು, “ಇನ್ನೊಂದು ಲೋಟ ಇದೆಯಾ” ಎಂದಳು. ಹೊನ್ನಕ್ಕ ಬಾಯಿಗೆ ಸೆರಗು ಮುಚ್ಚಿಕೊಂಡು ಇನ್ನೊಂದು ಲೋಟ ತಂದಿಟ್ಟಳು. ಸಭೆಗೆ ಮಾತ್ರ ಬರಲಿಲ್ಲ.

ಇದರ ನಡುವೆ ಲಕ್ಷ್ಮಿದೇವಮ್ಮ ಎಂಬ ಸದಸ್ಯೆ ತನ್ನೆರಡು ಹಸುಗಳನ್ನೂ ಮಾರಿ, ಬಾಣಂತಿ ಮಗಳ ಜೊತೆ ಇರಲು ಚನ್ನರಾಯಪಟ್ಟಣಕ್ಕೆ ಹೊರಟುಹೋದಳು. ಪಟ್ಟಿಯಲ್ಲಿ ಒಂಬತ್ತು ಉಳಿಯಿತು. ಆ ಒಂಬತ್ತೂ ಬಾರದ ಒಂಬತ್ತು. ತೊಟ್ಟಿಯೊಂದು ಮಾತ್ರ ಯಾವ ಮುನಿಸೂ ಇಲ್ಲದೆ ದಿನದಿನಕ್ಕೆ ಮೇಲಿನಿಂದ ಕಪ್ಪಾಗುತ್ತ, ಚಹಾಪುಡಿಯಂತೆ ಉದುರುದುರಾಗುತ್ತ ಬಂತು.

ಹದಿನೆಂಟನೆಯ ದಿನ ಅವಳು ಎಂದಿನ ಬಸ್ಸು ಬಿಟ್ಟು ಮೊದಲ ಬಸ್ಸಿಗೇ ಬಂದಳು. ಹೆಂಗಸರು ಹೊಲಕ್ಕೆ ಹೋಗುವ ಮೊದಲೇ ಹಿಡಿಯಬೇಕು ಎನ್ನುವುದು ಅವಳ ಯೋಚನೆ. ಊರ ಬಾಗಿಲಲ್ಲಿ ಮಂಜಿನ್ನೂ ಹರಿದಿರಲಿಲ್ಲ. ದನಗಳು ಕೆರೆಯ ಕಡೆ ಹೊರಟಿದ್ದವು. ಅವುಗಳ ಹಿಂದೆ ಐವತ್ತೈದರ ಸುಮಾರಿನ ತೆಳ್ಳನೆಯ ಹೆಂಗಸೊಬ್ಬಳು, ಸೀರೆ ಎತ್ತಿ ಕಟ್ಟಿ, ಸೊಂಟದಲ್ಲಿ ಖಾಲಿ ಮಂಕರಿ ಇಟ್ಟುಕೊಂಡು ನಡೆಯುತ್ತಿದ್ದಳು. ಹಸುವೊಂದು ಬಾಲ ಎತ್ತಿತು. ಅವಳು ನಿಂತಳು. ಬೇಲಿಯಿಂದ ಲಕ್ಕಿ ಕಡ್ಡಿ ಮುರಿದು, ಬಿದ್ದ ತೊಪ್ಪೆಯ ನಡುಮಧ್ಯಕ್ಕೆ ಚುಚ್ಚಿ ಮುಂದೆ ಹೋದಳು. ಇನ್ನೊಂದು, ಇನ್ನೊಂದು ಕಡ್ಡಿ. ಸ್ವಲ್ಪ ಹೊತ್ತಿಗೆ ಎದುರಿನಿಂದ ಬೇರೊಬ್ಬ ಹೆಂಗಸು ಮಂಕರಿ ಹೊತ್ತು ಬಂದಳು. ಕಡ್ಡಿ ಚುಚ್ಚಿದ ತೊಪ್ಪೆ ಕಂಡು ಅದನ್ನು ಬಳಸಿಕೊಂಡು ಹೋಗಿ, ಅದರಾಚೆ ಬಿದ್ದಿದ್ದ ಕಡ್ಡಿಯಿಲ್ಲದ್ದನ್ನು ಬಾಚಿಕೊಂಡಳು.

ಹಂಸಳ ಕಾಲು ನಿಂತಲ್ಲೇ ನಿಂತಿತು. ಆಮೇಲೆ ಆ ಕಾಲೇ ಅವಳನ್ನು ಹೊನ್ನಕ್ಕನ ಮನೆಗೆ ಕರೆದೊಯ್ದಿತು.

“ಹೊನ್ನಕ್ಕ, ದಾರೀಲಿ ಆ ಕಡ್ಡಿ ಚುಚ್ಚಿರ್ತಾರಲ್ಲ...”

ಹೊನ್ನಕ್ಕ ಹಸುವಿನ ಕೆಚ್ಚಲಿನಿಂದ ತಲೆ ಎತ್ತಲಿಲ್ಲ. “ಗೊತ್ತಾಯ್ತಾ?”

“ಮಕ್ಕಳ ಆಟ ಅಂದ್ಕೊಂಡಿದ್ದೆ.”

“ಚಿಕ್ಕಲಕ್ಸ್ಮಮ್ಮನ ಒಟ್ಟೆಪಾಡು ಕಣವ್ವ ಅದು. ಗಂಡ ಓದ ವರ್ಸವೇ ಇದ್ದ ಜೋಡೆತ್ತೂ ಓದ್ವು. ಇವತ್ತಿಗೂ ಒಂದು ಕರ ಇಲ್ಲ ಅವಳಿಗೆ. ದಾರೀಲಿ ಬಿದ್ದಿದ್ದು ಆಯ್ಕಂಡು ತಿಪ್ಪೆ ಮಾಡ್ತಾಳೆ. ಯುಗಾದಿ ಮುಂದೆ ರಾಮಣ್ಣ ಗಾಡಿ ಕಟ್ಕಂಡು ಬಂದು ಗೊಬ್ಬರ ತುಂಬ್ಕಂಡೋಯ್ತಾನೆ, ಸುಗ್ಗೀಲಿ ಅವಳ ಮನೆಗೆ ರಾಗಿ ಬತ್ತದೆ. ಅವತ್ತು ಎಲ್ಡು ದಿನದಿಂದ ಜರ ಬಂದು ಮಲಗಿದ್ಲು. ಜರದಾಗೇ ಎದ್ದು ಬಂದು ಕಡ್ಡಿ ಚುಚ್ಚಿ ಓಗಿದ್ಲು, ಎತ್ತಕ್ಕೆ ಕಸುವಿಲ್ದೆ. ಎಲ್ಡು ದಿನ ಊರಾಗೆ ಒಂದು ನರಪಿಳ್ಳೆ ಮುಟ್ಟಿರ್ನಿಲ್ಲ.”

ಹಂಸಳ ಕಿವಿಗಳು ಉರಿಯತೊಡಗಿದವು. “ಯಾರಾದರೂ ಹೇಳಬಹುದಿತ್ತಲ್ಲ ನನಗೆ.”

“ಏನಂತ ಯೋಳಾನ? ಮೇಡಮ್ಮೋರೇ ನೀವು ಸಗಣಿ ಕಳ್ಳಿ ಅಂತಲಾ? ಓದಿರೋ ಹೆಣ್ಮಗ ತಾನೇ ತಿಳ್ಕತ್ತದೆ ಅಂತ ಸುಮ್ಕಿದ್ವಿ. ನೀನು ನೋಡಿದ್ರೆ ಮನೆಗೆ ಬಂದು ಕೇಳ್ಕಂಡು ಎಲ್ಡು ಲೋಟ ಕಾಪಿ ಕುಡ್ದೆ. ಅಬ್ಬಾ ಇವಳ ಗುಂಡಿಗೆಯೇ ಅಂದ್ಕಂಡೆ ನಾನು.” ಹೊನ್ನಕ್ಕನ ದನಿಯಲ್ಲಿ ನಗುವಿತ್ತು. ಆಮೇಲೆ ನಗು ಹೋಯಿತು. “ಕದ್ದ ಗೊಬ್ಬರ ಮುಟ್ಟಿದ ಕೈಲಿ ನಾಳೆ ನಮ್ಮ ಒಲಕ್ಕೆ ಬಿತ್ತನೆ ಆಕ್ಬೇಕಲ್ಲವ್ವ. ಅವಳು ಸೈ ಅನ್ನಗಂಟ ನಾವ್ಯಾರೂ ಆ ಚಪ್ಪರದ ಕೆಳಕ್ಕೆ ಬರಕಿಲ್ಲ.”

ಅವತ್ತು ಸಂಜೆ ಮನೆಯಲ್ಲಿ ಹೇಳಿದಾಗ ತಾಯಿ ವೇದವತಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದರು.

“ಏನು ಕದ್ದೆ ಅಂದೆ?”

“ಸಗಣಿ.”

“ಯಾರಾದ್ರೂ ನೋಡಿದ್ರೇನೇ?”

“ಎಲ್ಲರೂ ನೋಡಿದಾರೆ.”

ವೇದವತಿ ಗಂಡನ ಕಡೆ ನೋಡಿದರು. ವರದರಾಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಿಳಿಯದೆ ತೆಗೆದುಕೊಂಡದ್ದಾದರೂ ತೆಗೆದುಕೊಂಡಷ್ಟನ್ನು ಹಿಂದಕ್ಕೆ ಕೊಟ್ಟುಬಿಟ್ಟರೆ ತೀರಿತು, ಅದಕ್ಕಿಂತ ಹೆಚ್ಚು ಯೋಚಿಸುವಂಥದ್ದು ಅದರಲ್ಲಿ ಏನೂ ಇಲ್ಲ ಎಂದರು. ಅಪ್ಪ ಹೇಳಿದರೆ ಎಲ್ಲವೂ ಸಲೀಸೆಂದು ತೋರುತ್ತಿತ್ತು. ಗುರುವಾರ ಬೆಳಿಗ್ಗೆ ಹಂಸ ಎದುರು ಮನೆಯವರ ಕೊಟ್ಟಿಗೆಯಿಂದ ಹದಿನೇಳು ತೊಪ್ಪೆ ಎಣಿಸಿ, ಸಿಮೆಂಟಿನ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬಸ್ಸು ಹತ್ತಿಸಿದಳು.

ಕಂಡಕ್ಟರ್ ಪುಟ್ಟರಾಜು ಮೂಗರಳಿಸಿದ. “ಏನ್ ಮೇಡಂ ಚೀಲದಲ್ಲಿ?”

“ಸಗಣಿ.”

“ಹಳ್ಳಿಗೆ ತಗೊಂಡು ಹೋಗ್ತಿದೀರಾ? ಸಗಣೀನಾ?” ಅವನು ಡ್ರೈವರನ ಕಡೆ ತಿರುಗಿ, “ಅಣ್ಣೋ, ಕೆರೆಗೆ ನೀರು ಹೊತ್ಕಂಡು ಹೋಗೋರು ಯಾರಾದ್ರೂ ಇದ್ರೆ ಅವರನ್ನೂ ಹತ್ತಿಸ್ಕಳಣ” ಎಂದ. ಬಸ್ಸೆಲ್ಲ ನಕ್ಕಿತು. ಹಂಸ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಚಿಕ್ಕಲಕ್ಷ್ಮಮ್ಮನ ಮನೆ ಊರ ಕೊನೆಗಿತ್ತು. ಮನೆಗಿಂತ ಪಕ್ಕದ ತಿಪ್ಪೆ ಅಚ್ಚುಕಟ್ಟಾಗಿತ್ತು. ನಾಲ್ಕು ಮೂಲೆ ತಟ್ಟಿ ನೇರ ಮಾಡಿತ್ತು. ಚಿಕ್ಕಲಕ್ಷ್ಮಮ್ಮ ಚೀಲದ ಬಾಯಿ ಬಿಚ್ಚಿ ನೋಡಿ ಮತ್ತೆ ಮುಚ್ಚಿದಳು.

“ಯಾರ್ದಿದು?”

“ನಮ್ಮ ಎದುರು ಮನೆಯವರ ಹಸುಂದು. ನಿಮ್ಮದು ಹದಿನೇಳು ತಗೊಂಡಿದ್ದೆ. ತಪ್ಪಾಯ್ತು. ಇದೂ ಹದಿನೇಳೇ ಇದೆ.”

“ಎಣಿಸ್ಕಂಡು ತಂದ್ಯಾ?”

“ಹೂಂ.”

“ಒಳ್ಳೇಳು. ತಗಂಡೋಗು.” ಚಿಕ್ಕಲಕ್ಷ್ಮಮ್ಮ ಚೀಲವನ್ನು ಅವಳ ಕಡೆಗೆ ನೂಕಿದಳು. “ಕೊಟ್ಟಿಗೇಲಿ ಬಿದ್ದಿದ್ದು ಅಸ ಕಟ್ದೋರ್ದು. ದಾರೀಲಿ ಬಿದ್ದಿದ್ದು ಮೊದ್ಲು ಕಂಡೋರ್ದು. ಇನ್ನೊಬ್ಬರ ಕೊಟ್ಟಿಗೆ ತಾವ ನಾನು ಇಲ್ಲೀಗಂಟ ಕೈ ಒಡ್ಡಿಲ್ಲ ಕಣವ್ವ. ಈಗ ನಿಮ್ಮೂರ್ಗಂಟ ಬಂದು ಒಡ್ಲಾ?”

“ಹಾಗಾದರೆ ನಾನೇನು ಮಾಡಲಿ?”

“ನಂದು ನಂಗೆ ಕೊಡು.”

“ಅದನ್ನ ಹುಳ ತಿಂದಿವೆ.”

“ಉಳ ಯಾರ್ವು?”

ಹಂಸ ಯೋಚಿಸಿದಳು. “ಹುಳ ಯೋಜನೇದು. ತೊಟ್ಟಿ ಸಂಘದ್ದು. ಜಾಗ ರಾಮಣ್ಣನವರದು.”

“ತಿಂದಿದ್ದು?”

“ನಿಮ್ಮದು.”

“ಅಂಗಾರೆ ತೊಟ್ಟಿ ನೀವ್ ಮಡೀಕಳಿ, ಒಳಗಿರೋದು ನಂದು. ಸಂಘದಾಗೆ ನನ್ನೆಸ್ರು ಯಾಕೆ ಬರ್ಕಂಡಿಲ್ಲ ನೀನು?”

“ಸದಸ್ಯರಿಗೆ ಎರಡು ದನ ಇರಬೇಕು ಅಂತ ನಿಯಮ.”

ಚಿಕ್ಕಲಕ್ಷ್ಮಮ್ಮ ತಿಪ್ಪೆಯ ಮೂಲೆಯನ್ನು ಅಂಗೈಯಿಂದ ತಟ್ಟುತ್ತ, ಮಗುವನ್ನು ಕೇಳುವಂತೆ ಕೇಳಿದಳು: “ಗೊಬ್ರ ಮಾಡಕ್ಕೆ ದನ ಬೇಕಾ, ಸಗಣಿ ಬೇಕಾ?”

ದನ ಇಲ್ಲದೆ ಸಗಣಿ ಇಲ್ಲ ಎಂದು ಹೇಳೋಣವೆಂದರೆ ಎದುರಿಗೇ ಎದೆಮಟ್ಟದ ತಿಪ್ಪೆ ನಿಂತಿತ್ತು. ಚೀಲ ಎಳೆದುಕೊಂಡು ವಾಪಸು ಬಸ್ಸಿಗೆ ಬಂದಾಗ ಪುಟ್ಟರಾಜು ಚೀಲವನ್ನು ನೋಡಿದ, ಅವಳನ್ನು ನೋಡಿದ, ಸುಮ್ಮನೆ ಟಿಕೆಟ್ ಹರಿದುಕೊಟ್ಟ.

ಆ ವಾರಾಂತ್ಯ ಪೂರ್ತಿ ಹಂಸ ಒಂದೇ ವಿಷಯವನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಚಿಕ್ಕಲಕ್ಷ್ಮಮ್ಮನ ಹೆಸರು ಬರೆದರೆ ನಿಯಮ ಮುರಿಯುತ್ತದೆ. ಬರೆಯದಿದ್ದರೆ ಅವಳು ಸೈ ಅನ್ನುವುದಿಲ್ಲ, ಉಳಿದವರು ಬರುವುದಿಲ್ಲ, ಸಂಘವೇ ಮುರಿಯುತ್ತದೆ. ಹತ್ತನೆಯ ಜಾಗ ಹೇಗೂ ಖಾಲಿಯಿತ್ತು. ಸೋಮವಾರ ಪಟ್ಟಿಯಲ್ಲಿ ಹತ್ತನೆಯ ಸಾಲಿನಲ್ಲಿ ಹೆಸರು ಬರೆದು, ದನಗಳ ಸಂಖ್ಯೆ ಅನ್ನುವ ಕಡೆ ಖಾಲಿ ಬಿಟ್ಟಳು. ಖಾಲಿ ಬಿಟ್ಟದ್ದು ಸುಳ್ಳಲ್ಲ ಎಂದು ತನಗೇ ಹೇಳಿಕೊಂಡಳು. ನಿಜವೂ ಅಲ್ಲ ಎಂದು ಕೂಡಲೇ ಅನ್ನಿಸಿತು.

ಪಟ್ಟಿಗೆ ಹೆಸರು ಸೇರಿದ ಸುದ್ದಿ ತಿಳಿದು, ಮರುದಿನ ಮಂಗಳವಾರ ಚಿಕ್ಕಲಕ್ಷ್ಮಮ್ಮ ಚಪ್ಪರದ ಕೆಳಗೆ ಬಂದು ತೊಟ್ಟಿಯ ತಲೆಯ ಕಡೆ ಕೂತಳು. ಅರ್ಧ ಗಂಟೆಯೊಳಗೆ ಉಳಿದ ಒಂಬತ್ತು ಜನವೂ ಬಂದರು. ಅವರೆಕಾಯಿ, ಸೀಮಂತ, ಮೊಣಕಾಲು ಎಲ್ಲ ಒಂದೇ ಸಲ ಮುಗಿದುಹೋಗಿತ್ತು. ಹಂಸ ಚಿತ್ರಗಳನ್ನು ಹಿಡಿದು ನಿಂತಳು, ಆದರೆ ಯಾರೂ ಚಿತ್ರ ನೋಡಲಿಲ್ಲ. ಚಿಕ್ಕಲಕ್ಷ್ಮಮ್ಮ ಮೊಣಕೈವರೆಗೆ ತೊಟ್ಟಿಗೆ ಕೈಯಿಳಿಸಿ ಒಂದು ಹಿಡಿ ತೆಗೆದು ಹಿಂಡಿದಳು. ಬೆರಳ ಸಂದಿಯಲ್ಲಿ ಎರಡು ಹನಿ ನೀರಾಡಿತು. “ಇಷ್ಟು ಸಾಕು. ಇದ್ಕಿಂತ ಚಿಮುಕಿಸಿದ್ರೆ ಕೊಳ್ತೋಯ್ತದೆ” ಎಂದಳು. ಪುಸ್ತಕದಲ್ಲಿ ಅದನ್ನೇ ಶೇಕಡಾ ಲೆಕ್ಕದಲ್ಲಿ ಬರೆದಿತ್ತು. ಹಂಸ ಪುಸ್ತಕವನ್ನು ಬ್ಯಾಗಿನೊಳಗೆ ಇಟ್ಟಳು.

ಶಿವರಾತ್ರಿ ಕಳೆದ ಬುಧವಾರ ಹನ್ನೊಂದು ಗಂಟೆಗೆ ಜೀಪು ಬಂತು. ಈಶ್ವರಯ್ಯನವರು ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. ಊಟದೊಳಗೆ ಇನ್ನೊಂದು ಊರು ಮುಗಿಸಬೇಕಿತ್ತು. ತೊಟ್ಟಿಯ ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ, “ಫಸ್ಟ್ ಕ್ಲಾಸ್. ಮಣ್ಣಿನ ವಾಸನೆ ಬರ್ತಿದೆ” ಎಂದರು. ಆಮೇಲೆ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರನ್ನಾಗಿ ಹೆಸರು ಕೂಗಿ, ದನ ಎಷ್ಟು ಎಂದು ಕೇಳಿ, ಪಟ್ಟಿಯಲ್ಲಿ ಗುರುತು ಹಾಕುತ್ತ ಬಂದರು. ಎರಡು, ಮೂರು, ಎರಡು, ಎರಡು. ಒಂಬತ್ತು ಜನ ಮುಗಿದರು.

“ಚಿಕ್ಕಲಕ್ಷ್ಮಮ್ಮ. ಇದೇನು ಖಾಲಿ ಬಿಟ್ಟಿದೆ? ನಿಮಗೆಷ್ಟಮ್ಮ ದನ?”

“ಊರ ದನ ಎಲ್ಲಾ ಸಾ.”

ಈಶ್ವರಯ್ಯ ನಕ್ಕರು. “ಅಲ್ಲಮ್ಮ, ನೀವು ಕಟ್ಟಿರೋದು ಎಷ್ಟು?”

“ನಾನ್ ಕಟ್ಟಕಿಲ್ಲ ಸಾ. ಕಟ್ಟೋದು, ಮೇವಾಕೋದು ಇವ್ರು. ನಂಗೆ ಬೇಕಾದ್ದು ಅವು ದಾರೀಲಿ ಕೊಟ್ಟೋಯ್ತವೆ.”

ಅವರ ನಗು ಅರ್ಧಕ್ಕೆ ನಿಂತಿತು. ಹಂಸಳ ಕಡೆ ತಿರುಗಿದರು. “ಏನ್ರೀ ಇದು? ನಿಯಮ ಓದಿಲ್ವಾ ನೀವು? ದನ ಇಲ್ಲದೋರನ್ನ ಹೇಗೆ ಸೇರಿಸಿದ್ರಿ? ಒಂಬತ್ತೇ ಆಯ್ತಲ್ಲ ಹಾಗಾದ್ರೆ.” ಪೆನ್ನಿಗೆ ಮುಚ್ಚಳ ಹಾಕಿದರು.

ಹತ್ತು ಜೊತೆ ಕಣ್ಣು ಹಂಸಳ ಮೇಲೆ ಬಿದ್ದವು. ಅವಳು ತೊಟ್ಟಿಯ ಪಕ್ಕಕ್ಕೆ ಹೋಗಿ ನಿಂತಳು.

“ಸಾರ್, ನೀವು ಮೂಸಿ ನೋಡಿದ್ರಲ್ಲ, ಅದು ಇವರ ಸಗಣಿ. ಇವರನ್ನ ಕೇಳದೆ ತಗೊಂಡಿದ್ದೆ. ಅಂದ್ರೆ, ಕದ್ದಿದ್ದೆ ಸಾರ್.”

“ಏನನ್ನ?”

“ಸಗಣೀನ.”

“ಹದಿನೇಳು ತೊಪ್ಪೆ ಸಾ” ಎಂದು ಹೊನ್ನಕ್ಕ ಹಿಂದಿನಿಂದ ದನಿಗೂಡಿಸಿದಳು. “ಕಡ್ಡಿನೆಲ್ಲ ಕಿತ್ತು ಬೇಲಿ ಬುಡ್ದಲ್ಲಿ ಪೂಜೆಗಿಕ್ದಂಗೆ ಸಾಲಾಗಿ ಜೋಡಿಸಿಕ್ಕಿದ್ರು. ಅಷ್ಟು ನೇಮಸ್ತ ಕಳ್ರನ್ನ ನಾವು ಕಂಡೇ ಇರ್ನಿಲ್ಲ.”

ಮೊದಲು ಒಬ್ಬಳು ಸೆರಗಿನೊಳಗೆ ಕಿಸಕ್ಕೆಂದಳು. ಆಮೇಲೆ ಇಷ್ಟು ದಿನ ತಡೆದಿಟ್ಟ ನಗುವೆಲ್ಲ ಚಪ್ಪರದ ಕೆಳಗೆ ಒಟ್ಟಿಗೆ ಹೊರಬಂತು. ಚಿಕ್ಕಲಕ್ಷ್ಮಮ್ಮನೂ ನಕ್ಕಳು. ಹಂಸಳಿಗೆ ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ತಿಳಿಯಲಿಲ್ಲ. ಕಿವಿ ಮಾತ್ರ ಕೆಂಡವಾಗಿತ್ತು.

ಈಶ್ವರಯ್ಯನವರಿಗೆ ಕಡ್ಡಿಯೂ ಅರ್ಥವಾಗಲಿಲ್ಲ, ಹದಿನೇಳೂ ಅರ್ಥವಾಗಲಿಲ್ಲ. ಗಡಿಯಾರ ನೋಡಿಕೊಂಡರು. “ಇರ್ಲಿ, ಇರ್ಲಿ. ಗೊಬ್ಬರ ಚೆನ್ನಾಗಿದೆ. ಎರಡು ಅಂತ ಬರೀತೀನಿ. ಹಾಸನದಿಂದ ಬಂದು ಯಾರು ಎಣಿಸ್ತಾರೆ.” ಖಾಲಿ ಜಾಗದಲ್ಲಿ ಎರಡು ಎಂದು ಬರೆದು ಮಸಿಯ ಡಬ್ಬಿ ಮುಂದೆ ತಳ್ಳಿದರು. “ಹೆಬ್ಬೆಟ್ಟು ಒತ್ತಮ್ಮ.”

ಹಂಸ ಉಸಿರು ಬಿಟ್ಟಳು. ಮುಗಿಯಿತು ಅಂದುಕೊಂಡಳು. ಆದರೆ ಮಸಿ ಹಚ್ಚಿದ ಹೆಬ್ಬೆರಳು ಹಾಳೆಯ ಮೇಲೆ ಗೇಣುದ್ದದಲ್ಲಿ ನಿಂತಿತು.

“ಏನಂತ ಬರದ್ರಿ ಸಾ?”

“ಎರಡು ದನ ಅಂತ.”

“ಯಾವೆಲ್ಡು?”

ಈಶ್ವರಯ್ಯ ಮತ್ತೆ ಗಡಿಯಾರ ನೋಡಿಕೊಂಡರು.

“ಎಲ್ಡು ದನದ ಸಗಣೀಲಿ ನಾನು ವರ್ಸಕ್ಕೆ ಆರು ಗಾಡಿ ಗೊಬ್ರ ಎತ್ತಕಾಯ್ತದಾ? ನಾಳೆ ರಾಮಣ್ಣ ಕೇಳಿದ್ರೆ, ಮಿಕ್ಕಿದ್ದು ಕದ್ದು ತಂದೆ ಅಂತಾನೆ. ಸುಳ್ಳು ಬರಸ್ಕಂಡು ಎಬ್ಬೆಟ್ಟು ಒತ್ತಕಿಲ್ಲ.”

“ಅಯ್ಯೋ ನಿನ್ನ, ಒತ್ತೇ” ಎಂದು ಹೊನ್ನಕ್ಕ ಹಲ್ಲುಕಚ್ಚಿ ಪಿಸುಗುಟ್ಟಿದಳು. ಚಿಕ್ಕಲಕ್ಷ್ಮಮ್ಮ ಹೆಬ್ಬೆರಳನ್ನು ಇನ್ನಷ್ಟು ಮೇಲಕ್ಕೆತ್ತಿದಳು.

ಹಂಸ ಅಧಿಕಾರಿಯ ಮುಖ ನೋಡಲಿಲ್ಲ. ನೋಡಿದ್ದರೆ ಕೈ ಬರುತ್ತಿರಲಿಲ್ಲ. ಪೆನ್ನು ತೆಗೆದುಕೊಂಡು ಎರಡನ್ನು ಹೊಡೆದು ಹಾಕಿ, “ಎಷ್ಟು ಅಂತ ಬರೀಲಿ, ಹೇಳಿ” ಎಂದಳು.

ಚಿಕ್ಕಲಕ್ಷ್ಮಮ್ಮ ಮೂಡಲ ಮನೆಯಿಂದ ಶುರುಮಾಡಿ, ಮನೆಮನೆಯ ದನಗಳನ್ನು ಬಣ್ಣ ಹೇಳಿ ಎಣಿಸತೊಡಗಿದಳು. ಹೊನ್ನಕ್ಕನ ಮನೆಗೆ ಬಂದಾಗ ಮೂರು ಎಂದಳು.

“ಎಲ್ಡು ಅನ್ನು” ಎಂದಳು ಹೊನ್ನಕ್ಕ. “ನಮ್ಮ ಪಡ್ಡೆ ಕರ ಇನ್ನೂ ಕಟ್ಟಾಕಿರೋದು, ಮೇಯಕ್ಕೆ ಓಗಕಿಲ್ಲ. ಅದೆಂಗೆ ನಿಂದಾಯ್ತದೆ?”

“ಸ್ವಾಮಾರ ಸ್ವಾಮಾರ ಮೈ ತೊಳ್ಯಕ್ಕೆ ಕೆರೆಗೆ ಒಡ್ಕಂಡೋಯ್ತೀಯಲ್ಲ, ಅವಾಗ?”

ಹೊನ್ನಕ್ಕ ಮೂರು ಬೆರಳೆತ್ತಿ ತೋರಿಸಿದಳು. ಎಣಿಕೆ ನಲವತ್ತಾರಕ್ಕೆ ನಿಂತಿತು. ಹಂಸ ಬರೆದಳು. ಹೆಬ್ಬೆಟ್ಟು ಇಳಿಯಿತು.

ಈಶ್ವರಯ್ಯ ಹಾಳೆಯನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದರು. “ಕಡೇಪಕ್ಷ ಎರಡು ಅಂತ ನಿಯಮದಲ್ಲಿದೆ. ಜಾಸ್ತಿ ಇರಬಾರದು ಅಂತೇನಿಲ್ಲ” ಎಂದು ತಮಗೇ ಹೇಳಿಕೊಂಡಂತೆ ಹೇಳಿ ಸಹಿ ಹಾಕಿದರು. “ಕೆಳಗೆ ಒಟ್ಟು ಎಷ್ಟು ದನ ಅಂತ ಕೂಡಿಸಿ ನಾಳೆ ಹಾಸನಕ್ಕೆ ಕಳಿಸಿಬಿಡಿ” ಎಂದು ಜೀಪು ಹತ್ತಿದರು.

ಹೆಂಗಸರು ಎದ್ದರು. ಯಾರ ಹಿತ್ತಿಲಲ್ಲಿ ತೊಟ್ಟಿ ಎಲ್ಲಿ ಬರಬೇಕು, ಯಾವ ಕಡೆ ನೆರಳು ಎಂದು ಮಾತಾಡುತ್ತ ಚದುರಿದರು. ಹಂಸ ಒಬ್ಬಳೇ ಹಾಳೆ ಹಿಡಿದು ಚಾಪೆಯ ಮೇಲೆ ಕೂತಳು. ಒಂಬತ್ತು ಜನರದು ಇಪ್ಪತ್ತೆರಡು. ಚಿಕ್ಕಲಕ್ಷ್ಮಮ್ಮನದು ನಲವತ್ತಾರು. ಕೂಡಿಸಿದರೆ ಅರವತ್ತೆಂಟು. ಆದರೆ ಆ ಇಪ್ಪತ್ತೆರಡೂ ಈ ನಲವತ್ತಾರರೊಳಗೇ ಇದ್ದವು. ಊರಲ್ಲಿ ಇರುವುದೇ ನಲವತ್ತಾರು. ಹಾಗೆಂದು ನಲವತ್ತಾರು ಬರೆದರೆ ಕೂಡಿಸಿದ್ದು ತಪ್ಪು ಅನ್ನುತ್ತಾರೆ. ಅರವತ್ತೆಂಟು ಬರೆದರೆ ಇಲ್ಲದ ಇಪ್ಪತ್ತೆರಡು ದನ ಎಲ್ಲಿಂದ ಬಂದವು?

ಮಂಕರಿ ಎತ್ತಿಕೊಂಡು ಹೊರಟಿದ್ದ ಚಿಕ್ಕಲಕ್ಷ್ಮಮ್ಮನನ್ನೇ ಕೇಳಿದಳು. “ಕಟ್ಟಿದೋರ್ದೂ ಒಂದು ಲೆಕ್ಕ, ಎತ್ತಿದೋರ್ದೂ ಒಂದು ಲೆಕ್ಕ. ಎಲ್ಡೂ ಬರ್ಕೊ” ಎಂದು ಹೇಳಿ ಅವಳು ದಾರಿಗಿಳಿದಳು.

ಹಂಸ ಅರವತ್ತೆಂಟು ಎಂದು ಬರೆದಳು. ಬರೆದದ್ದು ಸರಿಯೋ ತಪ್ಪೋ ಅವಳಿಗೆ ತಿಳಿಯಲಿಲ್ಲ. ಆದರೆ ಹೊಡೆದು ಹಾಕಲು ಕೈಯೂ ಬರಲಿಲ್ಲ.